ಕೆರೆ ಕಾಲುವೆಗಾಗಿ ನಾಲ್ಕು ನಿಮಿಷದ ವಿಡಿಯೋ

ನಮ್ಮ ಕೆರೆ ಸಂಘದ ಮೊದಲ ವಿಡಿಯೋ 22 ನಿಮಿಷದ್ದು. ಮದುವೆ ವಿಡಿಯೋ ಮಾಡುವ ಹುಡುಗನನ್ನು ಕರೆಸಿ, 9000 ರೂಪಾಯಿ ಕೊಟ್ಟು ಮಾಡಿಸಿದ್ದೆವು. ಅವನು ಡ್ರೋನ್ ಹಾರಿಸಿದ. ಹಿನ್ನೆಲೆಗೆ ಅಳುವ ಶಹನಾಯಿ ಸೇರಿಸಿದ. ಸಂಘದ ಅಧ್ಯಕ್ಷರ ಭಾಷಣ ಆರು ನಿಮಿಷ, ಕಾರ್ಯದರ್ಶಿಯಾದ ನನ್ನದು ನಾಲ್ಕು ನಿಮಿಷ. ನಮ್ಮ ಬೇಡಿಕೆ ಇಷ್ಟೇ: ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗಿದೆ, ಬಿಡಿಸಿಕೊಡಿ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಎಂಟು ಜನ ಒಂದು ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯವರೇ. ಕೂರಿಸಿ, ಕಂಪ್ಯೂಟರಿಗೆ ಹಾಕಿ ಮೂರು ನಿಮಿಷ ನೋಡಿದರು. ಆಮೇಲೆ ಮುಂದಕ್ಕೆ ಓಡಿಸಿ ಓಡಿಸಿ ನೋಡಿದರು. ಕೊನೆಗೆ, "ಚೆನ್ನಾಗಿ ಮಾಡಿಸಿದ್ದೀರಿ. ಆದರೆ ನಾನೇನು ಮಾಡಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ?" ಅಂದರು.

ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಉತ್ತರ ತೋಚಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಈಗ ಹಾಲಿನ ಸಂಘವಿರಲಿ, ಮಹಿಳಾ ಸಂಘವಿರಲಿ, ಕೆರೆ ಸಂಘವಿರಲಿ, ಎಲ್ಲ ಕಡೆಯೂ ಒಬ್ಬರ ಕೈಯಲ್ಲಾದರೂ ಒಳ್ಳೆಯ ಫೋನ್ ಇದೆ. ತೊಂದರೆ ಬಂದ ತಕ್ಷಣ "ವಿಡಿಯೋ ಮಾಡಿ ಹಾಕೋಣ" ಎಂಬ ಮಾತು ಬರುತ್ತದೆ. ಹಾಕುವುದು ಸುಲಭ. ನಮ್ಮ ಕಡೆ ಟೊಮೆಟೊ ಬೆಲೆ ಬಿದ್ದಾಗಲೆಲ್ಲ ರಸ್ತೆಗೆ ಸುರಿಯುವ ವಿಡಿಯೋ ಬರುತ್ತದೆ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದಾಗ ಬಂದ ವಿಡಿಯೋಗಳೇ ಬೇರೆ. ಎರಡನ್ನೂ ನೋಡಿದ ಪೇಟೆಯವರಿಗೆ ಒಂದರಲ್ಲಿ ಬೆಳೆಗಾರ ಭಿಕಾರಿ, ಇನ್ನೊಂದರಲ್ಲಿ ಕೋಟ್ಯಧೀಶ. ಸಸಿ, ಕೋಲು, ದಾರ, ಔಷಧಿ, ಬಿಡಿಸುವ ಕೂಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಕೈಗೆ ಎಷ್ಟು ಬಂತು ಎಂಬ ಲೆಕ್ಕ ಎರಡರಲ್ಲೂ ಇರುವುದಿಲ್ಲ. ಸುರಿದದ್ದು ಕಾಣುತ್ತದೆ, ಯಾಕೆ ಸುರಿದ ಎಂಬುದು ಕಾಣುವುದಿಲ್ಲ.

ನಾವು ಎರಡನೇ ಸಲ ಮಾಡಿದ ವಿಡಿಯೋ ನಾಲ್ಕು ನಿಮಿಷದ್ದು. ಅದರಿಂದ ಸ್ವಲ್ಪ ಕೆಲಸ ಆಯಿತು. ಎರಡರ ನಡುವೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಕ್ಯಾಮೆರಾ ಓದಿದವನಲ್ಲ, ರಾಗಿ ಟೊಮೆಟೊ ಬೆಳೆಯುವವನು. ತಿಳಿದವರಿಗೆ ಇದರಲ್ಲಿ ತಪ್ಪು ಕಂಡರೆ ಬರೆದು ತಿದ್ದಲಿ.

ಮೊದಲು ನಾವು ಮಾಡಿದ ದೊಡ್ಡ ತಪ್ಪು

ಉದ್ದವಾಯಿತು, ಭಾಷಣವಾಯಿತು ಎಂಬುದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ. ಮೊದಲ ವಿಡಿಯೋದಲ್ಲಿ ನಮ್ಮೂರಿನ ಒಬ್ಬ ಅಕ್ಕ ಮಾತಾಡಿದ್ದರು. ಕಾಲುವೆ ಪಕ್ಕದಲ್ಲೇ ಅರ್ಧ ಪಾಲಿಗೆ ಜಮೀನು ಮಾಡುತ್ತಿದ್ದವರು. ಕ್ಯಾಮೆರಾ ಹುಡುಗ "ಯಾರಕ್ಕ ಮುಚ್ಚಿದ್ದು?" ಅಂತ ಕೇಳಿದ. ಆಕೆ ಇದ್ದದ್ದನ್ನು ಇದ್ದ ಹಾಗೆ ಹೆಸರು ಹಿಡಿದು ಹೇಳಿಬಿಟ್ಟರು. ನಮಗೆಲ್ಲ ಖುಷಿ. ಧೈರ್ಯವಾಗಿ ಮಾತಾಡಿದ್ದು ಅವರೊಬ್ಬರೇ ಅಂತ ಅದನ್ನೇ ಮುಂದಕ್ಕೆ ಇಟ್ಟೆವು. ನಮ್ಮಲ್ಲೇ ಯಾರೋ ಒಬ್ಬರು ಆ ತುಂಡನ್ನು ಮಾತ್ರ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ಮೂರು ದಿನಕ್ಕೆ ಹೋಬಳಿಯೆಲ್ಲ ಸುತ್ತಿತು. ಮುಂದಿನ ಹಂಗಾಮಿಗೆ ಆ ಜಮೀನು ಆಕೆಗೆ ಸಿಗಲಿಲ್ಲ. ಕೊಡುವವರೂ ಮುಚ್ಚಿದವರೂ ಒಂದೇ ಮನೆತನ.

ನಾವು ಹತ್ತು ಜನ ಹೋಗಿ ಮಾತಾಡಿ ನೋಡಿದೆವು, ಆಗಲಿಲ್ಲ. "ನೀವು ತೋರಿಸೋಕೆ ಮುಂಚೆ ನನಗೊಂದು ಸಲ ತೋರಿಸಿದ್ರೆ ಆ ಮಾತು ತೆಗೀರಪ್ಪ ಅಂತಿದ್ದೆ" ಅಂದರು ಆ ಅಕ್ಕ. ಇವತ್ತಿಗೂ ನಮ್ಮ ಕ್ಯಾಮೆರಾ ಮುಂದೆ ಬರುವುದಿಲ್ಲ. ಬರಬೇಕು ಅಂತ ನಾವು ಕೇಳುವುದೂ ಇಲ್ಲ.

ಅಂದಿನಿಂದ ಸಂಘದಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಚಿತ್ರದಲ್ಲಿ ಇರುವವರು ಮೊದಲು ನೋಡಬೇಕು. ಅವರು "ಬೇಡ" ಅಂದ ಮಾತು ಹೋಗಬೇಕು, ಅದು ಎಷ್ಟೇ ಒಳ್ಳೆಯ ಮಾತಾಗಿರಲಿ. ತೆಗೆಯುವಾಗ ಒಂದು ಸಲ, ಹೊರಗೆ ಕಳಿಸುವ ಮೊದಲು ಇನ್ನೊಂದು ಸಲ, ಹೀಗೆ ಎರಡು ಸಲ ಕೇಳಬೇಕು. ತೆಗೆಯುವಾಗ ಎಲ್ಲರೂ ಹೂಂ ಅನ್ನುತ್ತಾರೆ, ನಾಲ್ಕು ಜನ ಸುತ್ತ ನಿಂತಿರುತ್ತಾರಲ್ಲ. ಎರಡನೇ ಸಲ ಅವರ ಮನೆಗೆ ಹೋಗಿ ಕೇಳಿ. ಫೋನಿನಿಂದ ಒಮ್ಮೆ ಹೊರಬಿದ್ದದ್ದನ್ನು ವಾಪಸ್ ತರಲು ಯಾರಪ್ಪನ ಕೈಲೂ ಆಗದು.

ಇದನ್ನೇ ಕೆನಡಾ ದೇಶದಲ್ಲಿ ಬಹಳ ಹಿಂದೆಯೇ ಮಾಡಿದ್ದಾರೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿನ ನ್ಯೂಫೌಂಡ್‌ಲ್ಯಾಂಡಿನಲ್ಲಿ ಫೋಗೋ ಎಂಬ ದ್ವೀಪ. ಜನ ಮೀನುಗಾರರು. ಮೀನುಗಾರಿಕೆ ಕುಸಿದಿತ್ತು, ಜನರನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ನೆಲೆ ಮಾಡಿಸುವ ವಿಚಾರ ಸರ್ಕಾರದ ಮುಂದಿತ್ತು. 1967ರಲ್ಲಿ ಕಾಲಿನ್ ಲೋ ಎಂಬ ಚಿತ್ರ ನಿರ್ದೇಶಕರು ಅಲ್ಲಿನ ವಿಶ್ವವಿದ್ಯಾಲಯದವರ ಜೊತೆ ಸೇರಿ ದ್ವೀಪದ ಜನರ ಮಾತನ್ನು ಸಣ್ಣ ಸಣ್ಣ ಚಿತ್ರಗಳಾಗಿ ತೆಗೆದರು. ಒಂದು ದೊಡ್ಡ ಸಿನಿಮಾ ಮಾಡಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ತುಂಡುಗಳು, ಒಂದೊಂದರಲ್ಲಿ ಒಬ್ಬರ ಮಾತು ಅಥವಾ ಒಂದು ವಿಷಯ. ಅವನ್ನು ಮೊದಲು ದ್ವೀಪದ ಜನರಿಗೇ ತೋರಿಸಿದರು. ಒಂದೇ ದ್ವೀಪದ ಬೇರೆ ಬೇರೆ ಊರಿನವರು ಒಬ್ಬರ ಕಷ್ಟ ಒಬ್ಬರು ನೋಡಿದ್ದು ಆಗಲೇ. ಬಳಿಕ ಸರ್ಕಾರದವರಿಗೆ ತೋರಿಸಿ, ಅಲ್ಲಿಂದ ಬಂದ ಉತ್ತರವನ್ನೂ ಚಿತ್ರ ತೆಗೆದು ದ್ವೀಪಕ್ಕೆ ತಂದು ತೋರಿಸಿದರು. ಜನ ದ್ವೀಪದಲ್ಲೇ ಉಳಿದರು, ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು. ಚಿತ್ರದಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಅವರು ಹಿಡಿದ ಕ್ರಮ ನೋಡಿ: ಮೊದಲು ನಮ್ಮವರಿಗೆ, ಆಮೇಲೆ ಮೇಲಿನವರಿಗೆ, ಮೇಲಿನವರ ಉತ್ತರ ಮತ್ತೆ ನಮ್ಮವರಿಗೆ.

ಕ್ಯಾಮೆರಾ ಎಲ್ಲಿ ಇಡಬೇಕು?

ಬೀದರಿನಿಂದ ಸ್ವಲ್ಪ ದೂರದಲ್ಲಿ, ತೆಲಂಗಾಣದ ಜಹೀರಾಬಾದ್ ಸುತ್ತಮುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಮಹಿಳಾ ಸಂಘಗಳಿವೆ. ಸಿರಿಧಾನ್ಯ ಬೆಳೆಯುವ, ಬೀಜ ಉಳಿಸುವ ದಲಿತ ಹೆಣ್ಣುಮಕ್ಕಳು. ಬಹಳಷ್ಟು ಜನ ಶಾಲೆ ಮೆಟ್ಟಿಲು ಹತ್ತಿದವರಲ್ಲ. 1990ರ ದಶಕದ ಕೊನೆಯ ಹೊತ್ತಿಗೇ ಅವರಲ್ಲಿ ಕೆಲವರು ವಿಡಿಯೋ ಕ್ಯಾಮೆರಾ ಕಲಿತರು. ಕ್ಯಾಮೆರಾ ಇಡುವ ರೀತಿಗೆ ಅವರು ಇಟ್ಟುಕೊಂಡ ಹೆಸರುಗಳು ನನಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಪಾಠ ಹೇಳಿದವು. ಕೆಳಗಿನಿಂದ ಮೇಲಕ್ಕೆ ತೆಗೆದರೆ ಎದುರಿಗಿರುವವನು ದೊಡ್ಡವನಾಗಿ ಕಾಣುತ್ತಾನೆ. ಜಗಲಿ ಮೇಲೆ ಕೂತ ಪಟೇಲನನ್ನು ಅಂಗಳದಿಂದ ನೋಡಿದ ಹಾಗೆ. ಅದು ಪಟೇಲ್ ಶಾಟ್. ಮೇಲಿನಿಂದ ಕೆಳಕ್ಕೆ ತೆಗೆದರೆ ಇರುವವನು ಕುಗ್ಗುತ್ತಾನೆ, ಅದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ, ಸಂಘದಲ್ಲಿ ಸುತ್ತ ಕೂತು ಮಾತಾಡುವ ಎತ್ತರಕ್ಕೆ ಹಿಡಿದದ್ದು ಸಂಘಂ ಶಾಟ್.

ಇದನ್ನು ಓದಿದ ಮೇಲೆ ನಮ್ಮ ಮೊದಲ ವಿಡಿಯೋ ಮತ್ತೆ ಹಾಕಿ ನೋಡಿದೆ. ಅಧ್ಯಕ್ಷರನ್ನೂ ನನ್ನನ್ನೂ ಕೆಳಗಿನಿಂದ ತೆಗೆದಿದ್ದಾನೆ. ಹೊಲದಲ್ಲಿ ಕೂತು ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳನ್ನು ನಿಂತುಕೊಂಡೇ ಮೇಲಿನಿಂದ ತೆಗೆದಿದ್ದಾನೆ. ಹುಡುಗನ ತಪ್ಪಲ್ಲ, ಮದುವೆಯಲ್ಲಿ ಹಾಗೇ ರೂಢಿ. ಕೂತವರನ್ನು ತೆಗೆಯಬೇಕಾದರೆ ತೆಗೆಯುವವನೂ ಕೂರಬೇಕು. ಮಂಡಿ ನೋವಿದ್ದರೆ ಬೇರೆಯವರ ಕೈಗೆ ಫೋನ್ ಕೊಡಿ.

ಅದೇ ಹೆಣ್ಣುಮಕ್ಕಳು ವಾರಂಗಲ್ ಕಡೆಯ ಬಿಟಿ ಹತ್ತಿ ಬೆಳೆಗಾರರ ಬಗ್ಗೆ 2003ರಲ್ಲಿ ಒಂದು ಚಿತ್ರ ಮಾಡಿದರು. ಒಂದು ದಿನ ಹೋಗಿ ಒಣಗಿದ ಗಿಡ ತೋರಿಸಿ ಬಂದದ್ದಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ಅವೇ ರೈತರ ಹೊಲಕ್ಕೆ ಮತ್ತೆ ಮತ್ತೆ ಹೋಗಿ, ಬೀಜಕ್ಕೆ ಎಷ್ಟಾಯಿತು, ಔಷಧಿಗೆ ಎಷ್ಟಾಯಿತು, ಹತ್ತಿ ಎಷ್ಟು ಬಂತು ಎಂಬುದನ್ನು ಅವರ ಬಾಯಲ್ಲೇ ಕೇಳಿದರು. ಮುಂದಿನ ವರ್ಷಗಳಲ್ಲೂ ಹೋಗಿ 2005ರಲ್ಲಿ ಮೂರು ವರ್ಷದ ಕತೆಯನ್ನು ಇನ್ನೊಂದು ಚಿತ್ರ ಮಾಡಿದರು. ಬಿಟಿ ಹತ್ತಿ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದೇ ಹೊಲಕ್ಕೆ ಪದೇ ಪದೇ ಹೋಗಿ ತೆಗೆದದ್ದನ್ನು "ಒಂದು ದಿನದ ಮಾತು" ಎಂದು ತಳ್ಳಿಹಾಕಲು ಬರುವುದಿಲ್ಲ. ರೈತರಾದ ನಮಗೆ ಇದು ಸುಲಭ. ಹೊಲ ಹೇಗೂ ನಮ್ಮ ಕಣ್ಣೆದುರೇ ಇದೆ.

ಎರಡನೇ ವಿಡಿಯೋ ಮಾಡಿದ ಬಗೆ

ಈ ಸಲ ಫೋನ್ ತೆಗೆಯುವ ಮೊದಲು ಒಂದು ಹಾಳೆ ತೆಗೆದುಕೊಂಡೆವು. ಎರಡೇ ಪ್ರಶ್ನೆ ಬರೆದೆವು. ಇದನ್ನು ನೋಡಬೇಕಾದವರು ಯಾರು? ನೋಡಿದ ಮೇಲೆ ಅವರು ಯಾವ ಕೆಲಸ ಮಾಡಬೇಕು? ಮೊದಲ ಪ್ರಶ್ನೆಗೆ "ಎಲ್ಲರೂ" ಅಂತ ಒಬ್ಬರು ಅಂದರು. ಎಲ್ಲರೂ ಅಂದರೆ ಯಾರೂ ಅಲ್ಲ ಅಂತ ಎರಡು ಗಂಟೆ ಜಗಳವಾಡಿ ಒಪ್ಪಿಸಿದೆವು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಒಂದೇ ವಾಕ್ಯ: ಗ್ರಾಮ ನಕಾಶೆಯಲ್ಲಿ ಇರುವ ಈ ಕಾಲುವೆಯನ್ನು ಮೊದಲಿನಿಂದ ಕೆರೆಯವರೆಗೆ ಅಳತೆ ಮಾಡಿಸಿ, ಕಲ್ಲು ನೆಡಿಸಿ ಕೊಡಿ. ಒತ್ತುವರಿ ಮಾಡಿದವರು ಯಾರು ಎಂಬುದು ಬೇಕೇ ಆಗಲಿಲ್ಲ. ಅಳತೆ ಆದರೆ ಕಲ್ಲೇ ಹೇಳುತ್ತದೆ. ಮೊದಲೇ ಹೀಗೆ ಯೋಚಿಸಿದ್ದರೆ ಆ ಅಕ್ಕನ ಬಾಯಲ್ಲಿ ಹೆಸರು ಹೇಳಿಸುವ ಅಗತ್ಯವೇ ಇರಲಿಲ್ಲ.

ಕತೆಯನ್ನು ನೀರು ಹರಿಯುವ ದಾರಿಯಲ್ಲೇ ಕಟ್ಟಿದೆವು. ಮೇಲೆ ಗುಡ್ಡದ ಬುಡದಿಂದ ಹೊರಟು, ಕಾಲುವೆ ಗುಂಟ ನಡೆದು, ಕೆರೆ ಅಂಗಳಕ್ಕೆ ಬಂದು ನಿಲ್ಲುವುದು. ನಡೆಯುವವರು ನಮ್ಮೂರಿನ ಹಳೇ ನೀರುಗಂಟಿ ತಾತ. ವಯಸ್ಸು ಎಂಬತ್ತರ ಹತ್ತಿರ. ಅವರ ಮನೆಮಾತು ತೆಲುಗು, ಮುಳಬಾಗಿಲು ಕಡೆಯ ಅರ್ಧ ಜನರ ಹಾಗೆ. ಮೊದಲು ಕನ್ನಡದಲ್ಲಿ ಹೇಳಿ ತಾತ ಅಂದೆವು. ಕ್ಯಾಮೆರಾ ಮುಂದೆ ಬರುತ್ತಲೇ ತಡವರಿಸಿ ನಿಂತರು. "ನಿಮ್ಮ ಮಾತಲ್ಲೇ ಹೇಳಿ" ಅಂದ ಮೇಲೆ ನಿಲ್ಲಿಸಲು ಆಗಲಿಲ್ಲ! ಯಾವ ಮರದ ಹತ್ತಿರ ಕಾಲುವೆ ತಿರುಗುತ್ತಿತ್ತು, ಎಲ್ಲಿ ಎತ್ತಿನ ಗಾಡಿ ದಾಟಲು ಚಪ್ಪಡಿ ಹಾಸಿತ್ತು, ಈಗ ನೀಲಗಿರಿ ನಿಂತ ಜಾಗದಲ್ಲಿ ಎಷ್ಟು ಅಗಲ ಇತ್ತು ಎಂಬುದನ್ನು ಕೋಲಿನಿಂದ ತೋರಿಸಿದರು. ಕೆಳಗೆ ಕನ್ನಡ ಅಕ್ಷರ ಹಾಕಿದೆವು. ಇದಕ್ಕೆ ಫೋನಿನಲ್ಲೇ ಪುಕ್ಕಟೆ ಸಾಧನಗಳಿವೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಗೊತ್ತು.

ತಾತನ ಮಾತಿನ ಜೊತೆಗೆ ಮೂರು ಚಿತ್ರ ಇಟ್ಟೆವು. ಒಂದು, ಗ್ರಾಮ ನಕಾಶೆಯ ಮೇಲೆ ಬೆರಳಿಟ್ಟು ಕಾಲುವೆ ತೋರಿಸಿದ್ದು. ಎರಡು, ಅದೇ ಜಾಗದಲ್ಲಿ ನಿಂತಾಗ ದಿಶಾಂಕ್ ಆ್ಯಪ್ ತೋರಿಸಿದ ಸರ್ವೆ ನಂಬರು. ಇದು ಸರ್ಕಾರದ್ದೇ ಆ್ಯಪ್, ನಿಂತ ಜಾಗದ ಸರ್ವೆ ನಂಬರು ಅಂದಾಜು ತಿಳಿಯುತ್ತದೆ. ಗಡಿ ತೀರ್ಮಾನ ಮಾತ್ರ ಸರ್ವೇಯರದ್ದೇ, ಇದನ್ನು ನಂಬಿ ಜಗಳಕ್ಕೆ ನಿಲ್ಲಬೇಡಿ. ಮೂರನೆಯದೇ ಇಡೀ ವಿಡಿಯೋದ ಬೆನ್ನೆಲುಬು. 2021ರ ನವೆಂಬರ್ ಮಳೆ ನಿಮಗೆ ನೆನಪಿರಬಹುದು. ಎಷ್ಟೋ ವರ್ಷ ಒಣಗಿದ್ದ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ಜನ ಬಾಗಿನ ಬಿಟ್ಟರು. ನಮ್ಮ ಕೆರೆ ಅರ್ಧಕ್ಕೇ ನಿಂತಿತು. ಕಾಲುವೆಗೆ ಬರಬೇಕಾದ ನೀರು ದಾರಿ ತಪ್ಪಿ ಇಬ್ಬರ ರಾಗಿ ತೆನೆ ಮೇಲೆ ಹರಿದು ರಸ್ತೆಗೆ ಬಿತ್ತು. ಅವತ್ತು ಹತ್ತನೇ ತರಗತಿ ಹುಡುಗನೊಬ್ಬ ಸುಮ್ಮನೆ ಆಟಕ್ಕೆ 40 ಸೆಕೆಂಡು ತೆಗೆದಿದ್ದ. ಅವನ ಅಪ್ಪನ ಹಳೇ ಫೋನಿನಲ್ಲಿ ತಾರೀಖು ಸಮೇತ ಉಳಿದಿತ್ತು. 9000 ರೂಪಾಯಿಯ ಡ್ರೋನ್ ತೋರಿಸದ ಸಂಗತಿಯನ್ನು ಆ 40 ಸೆಕೆಂಡು ತೋರಿಸಿತು.

ಹಾಗಾಗಿ ಜಗಳ ಹುಟ್ಟಿದ ಮೇಲೆ ಕ್ಯಾಮೆರಾ ಹುಡುಕಬೇಡಿ. ಕೆರೆಗೆ ನೀರು ಬಂದ ದಿನ, ಆಲಿಕಲ್ಲು ಬಿದ್ದ ದಿನ, ತೂಬು ಒಡೆದ ದಿನ ಒಂದು ನಿಮಿಷ ತೆಗೆದಿಡಿ. ತೆಗೆಯುವಾಗಲೇ ತಾರೀಖು, ಜಾಗ ಬಾಯಲ್ಲಿ ಹೇಳಿ. ವರ್ಷಕ್ಕೊಮ್ಮೆ ಸಂಘದ ಪೆನ್‌ಡ್ರೈವಿಗೆ ಹಾಕಿ.

ತೆಗೆಯುವ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ. ಫೋನ್ ಅಡ್ಡ ಹಿಡಿಯಿರಿ. ಬೆಳಿಗ್ಗೆ ಒಂಬತ್ತರೊಳಗೆ ತೆಗೆಯಿರಿ, ಮಧ್ಯಾಹ್ನದ ಬಿಸಿಲಿಗೆ ರುಮಾಲು ಕಟ್ಟಿದವರ ಮುಖ ಕಪ್ಪಾಗುತ್ತದೆ. ಸೂರ್ಯ ತೆಗೆಯುವವನ ಬೆನ್ನಿಗಿರಲಿ. ಒಂದೊಂದು ದೃಶ್ಯಕ್ಕೂ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕೈ ಅಲುಗಿಸಬೇಡಿ. ಹತ್ತಿರದ್ದು ಬೇಕಾದರೆ ಕಾಲಿನಿಂದ ನಡೆದು ಹತ್ತಿರ ಹೋಗಿ, ಬೆರಳಿನಿಂದ ಎಳೆಯಬೇಡಿ.

ದನಿಯ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಎರಡು ದಶಕಕ್ಕೂ ಹಿಂದೆ "ನಮ್ಮ ಧ್ವನಿ" ಅಂತ ಶುರುವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ನೆರವು. ಊರಿನ ಹೆಂಗಸರು, ಹುಡುಗರು ತಾವೇ ಕಾರ್ಯಕ್ರಮ ಧ್ವನಿಮುದ್ರಿಸುತ್ತಿದ್ದರು. ಆಗ ಸಂಘ ಸಂಸ್ಥೆಗಳಿಗೆ ಬಾನುಲಿ ಪರವಾನಗಿ ಕೊಡುತ್ತಿರಲಿಲ್ಲ. ಕೇಂದ್ರ ಸರ್ಕಾರ ಆ ದಾರಿ ತೆರೆದದ್ದು 2006ರ ಕೊನೆಗೆ. ಅಲ್ಲಿಯವರೆಗೆ ಕೇಬಲ್ ಎಳೆದು ಮನೆ ಮನೆಗೆ ದನಿ ಮುಟ್ಟಿಸಿದರು. ಚಿತ್ರವೇ ಇಲ್ಲದೆ ಬರೀ ದನಿಯಿಂದ ಒಂದು ಊರು ತನ್ನ ವಿಷಯ ತಾನು ಮಾತಾಡಿಕೊಂಡಿತು. ಚಿತ್ರ ಸ್ವಲ್ಪ ಮಸುಕಾದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಒಂದು ನಿಮಿಷವೂ ನೋಡುವುದಿಲ್ಲ. ನಮ್ಮ ಕಡೆ ಬಯಲಿನ ಗಾಳಿ ಮೈಕಿಗೆ ಬಡಿದು ಬುಸ್ ಅನ್ನುತ್ತದೆ. ಕಾಲರಿಗೆ ಸಿಕ್ಕಿಸುವ ವೈರ್ ಮೈಕ್ 400 ರೂಪಾಯಿಗೆ ಸಿಕ್ಕಿತು. ಅದರ ತುದಿಗೆ ಕಂಬಳಿ ಚೂರು ಸುತ್ತಿದೆವು. ಎರಡನೇ ವಿಡಿಯೋಗೆ ಆದ ಖರ್ಚು ಇದು, ಫೋನ್ ನಿಲ್ಲಿಸುವ 650 ರೂಪಾಯಿಯ ಸ್ಟ್ಯಾಂಡು, ಮತ್ತೆ ತಾತನ ಜೊತೆ ಎಲ್ಲರೂ ಕುಡಿದ ಟೀ. ಶಹನಾಯಿ ಹಾಕಲಿಲ್ಲ.

ತೋರಿಸುವುದೂ ಕೆಲಸವೇ

ವಾಟ್ಸಾಪಿಗೆ ಬಿಟ್ಟರೆ ತೋರಿಸಿದ ಹಾಗಾಯಿತು ಅಂತ ನಾವು ತಿಳಿದಿದ್ದೆವು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುವಾಯಿತು. ರಿಕಿನ್ ಗಾಂಧಿ ಮತ್ತು ಜೊತೆಯವರು ಗ್ರೀನ್ ಫೌಂಡೇಶನ್ ಜೊತೆ ಸೇರಿ ನಮ್ಮ ರಾಜ್ಯದಲ್ಲಿ 16 ಹಳ್ಳಿಗಳನ್ನು ತೆಗೆದುಕೊಂಡು ಪರೀಕ್ಷೆ ಮಾಡಿದರು. ಎಂಟು ಹಳ್ಳಿಗಳಲ್ಲಿ ಆ ಭಾಗದ ರೈತರೇ ಕೆಲಸ ಮಾಡುವ ವಿಡಿಯೋ ತೋರಿಸುವುದು, ಉಳಿದ ಕಡೆ ಹಳೇ ರೀತಿಯ ತರಬೇತಿ. ಕೆಲವು ಪದ್ಧತಿಗಳನ್ನು ಹೊಸದಾಗಿ ಅಳವಡಿಸಿಕೊಂಡವರು ವಿಡಿಯೋ ಹಳ್ಳಿಗಳಲ್ಲಿ ಆರೇಳು ಪಟ್ಟು ಹೆಚ್ಚು ಎಂದು ಅವರ ವರದಿ. ಕಾರಣ ಏನು ಅಂತ ಅವರೇ ಬರೆದಿದ್ದಾರೆ. ಪರದೆ ಪಕ್ಕದಲ್ಲಿ ಊರಿನವರೇ ಒಬ್ಬರು ನಿಂತು, ನಡುನಡುವೆ ನಿಲ್ಲಿಸಿ, "ಇದು ನಿಮ್ಮ ಹೊಲದಲ್ಲಿ ಆಗುತ್ತಾ?" ಅಂತ ಕೇಳುತ್ತಿದ್ದರು. ವಿಡಿಯೋದಲ್ಲಿ ಇರುವವನು ಪಕ್ಕದೂರಿನ ನಮ್ಮಂಥವನೇ ಆದ್ದರಿಂದ ಜನ ನಂಬಿದರು.

ನಾವು ಹಾಲಿನ ಡೈರಿ ಹತ್ತಿರ ತೋರಿಸಿದೆವು. ಬೆಳಿಗ್ಗೆ ಸಂಜೆ ಹಾಲು ಹಾಕಲು ಎಲ್ಲ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ನೋಟಿಸು ಬೇಡ, ಊಟ ಬೇಡ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟೆವು. ಒತ್ತುವರಿ ಮಾಡಿದ ಮನೆಯವರೂ ಬಂದು ನೋಡಿದರು. ಹೆಸರು ಇಲ್ಲದ್ದರಿಂದ ಗಲಾಟೆ ಆಗಲಿಲ್ಲ. ಅವರಲ್ಲೇ ಒಬ್ಬರು ತಾತ ತೋರಿಸಿದ ಒಂದು ತಿರುವು ತಪ್ಪು ಅಂದರು. ಮರುದಿನ ಹೋಗಿ ನಕಾಶೆ ಹಿಡಿದು ನೋಡಿದರೆ ಅವರ ಮಾತೇ ಸರಿ. ಆ ಭಾಗ ಮತ್ತೆ ತೆಗೆದೆವು. ಅಧಿಕಾರಿಯ ಮೇಜಿನ ಮೇಲೆ ಆ ತಪ್ಪು ಸಿಕ್ಕಿದ್ದರೆ ಉಳಿದದ್ದನ್ನೂ ಯಾರೂ ನಂಬುತ್ತಿರಲಿಲ್ಲ.

ಅಲ್ಲಿಂದ ಗ್ರಾಮಸಭೆಗೆ. ಅಲ್ಲಿ ತೋರಿಸಿ, ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿ ಪ್ರತಿ ತೆಗೆದುಕೊಂಡೆವು. ಆಮೇಲೆ ಕಚೇರಿಗೆ ಅರ್ಜಿ, ನಡಾವಳಿ ಪ್ರತಿ, ನಕಾಶೆ, ಪೆನ್‌ಡ್ರೈವ್ ಒಟ್ಟಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಕಾಗದ ಯಾಕೆ ಬೇಕು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈಯಲ್ಲಿ ನೊರೆ ಕಾಣಿಸಿಕೊಂಡಿತು. ಆ ನೊರೆಯ ಚಿತ್ರಗಳು ನಮ್ಮ ಫೋನುಗಳಲ್ಲೆಲ್ಲ ಹರಿದಾಡಿದವು. ಇಡೀ ರಾಜ್ಯ ಕೋಲಾರದ ಕಡೆ ತಿರುಗಿ ನೋಡಿತು. ವಿಷಯ ಹೈಕೋರ್ಟಿಗೂ, ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಅಲ್ಲಿ ಮುಖ್ಯವಾದದ್ದು ನೀರಿನ ಪರೀಕ್ಷೆಯ ವರದಿಗಳು. ನೊರೆ ಇದೆ ಎಂಬುದನ್ನು ವಿಡಿಯೋ ತೋರಿಸುತ್ತದೆ, ನೊರೆಯಲ್ಲಿ ಏನಿದೆ ಎಂಬುದನ್ನು ತೋರಿಸಲಾರದು. ಆ ನೀರಿನ ಪರ ಇರುವವರೂ ವಿರೋಧ ಇರುವವರೂ ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಅದು ಬೇರೆ ಚರ್ಚೆ.

ಕೋರ್ಟಿಗೆ ಹೋಗುವ ಸಂಭವ ಇದ್ದರೆ ಒಂದು ಎಚ್ಚರಿಕೆ. ಮೂಲ ವಿಡಿಯೋವನ್ನು ಕತ್ತರಿಸದೆ, ತೆಗೆದ ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕು. ವಕೀಲರನ್ನು ಮೊದಲೇ ಕೇಳಿಕೊಳ್ಳಿ.

ನಮ್ಮ ಅರ್ಜಿ ಏನಾಯಿತು ಅಂತ ನೀವು ಕೇಳಬಹುದು. ಅಧಿಕಾರಿ ಬದಲಾಗಿದ್ದರು. ಹೊಸಬರು ನಾಲ್ಕು ನಿಮಿಷವೂ ನೋಡಿದರು, ನೀರು ರಸ್ತೆಗೆ ಬೀಳುವ ಭಾಗವನ್ನು ಎರಡು ಸಲ ನೋಡಿದರು. ಏಳು ತಿಂಗಳಿಗೆ ಸರ್ವೇಯರ್ ಬಂದರು. ಕಾಲುವೆಯ ಮುಕ್ಕಾಲು ಭಾಗಕ್ಕೆ ಕಲ್ಲು ಬಿದ್ದಿದೆ. ಉಳಿದ ಕಾಲು ಭಾಗಕ್ಕೆ ತಕರಾರು ಅರ್ಜಿ ಇದೆ, ವಿಚಾರಣೆ ನಡೆಯುತ್ತಿದೆ. ಸರ್ವೇಯರ್ ಬಂದದ್ದು, ಕಲ್ಲು ನೆಟ್ಟದ್ದು ಎಲ್ಲ ತೆಗೆದು ಡೈರಿ ಹತ್ತಿರ ತೋರಿಸಿದ್ದೇವೆ. ಅವತ್ತು ಆ ಅಕ್ಕನೂ ಹಾಲಿನ ಕ್ಯಾನು ಕೆಳಗಿಟ್ಟು ಕೊನೆಯವರೆಗೆ ನಿಂತು ನೋಡಿದರು. ಏನೂ ಮಾತಾಡಲಿಲ್ಲ. ಅವರಿಗೆ ಬೇರೆ ಕಡೆ ಪಾಲಿಗೆ ಒಂದು ಎಕರೆ ಹುಡುಕುವ ಕೆಲಸ ಸಂಘದ ಮೇಲಿದೆ, ಇನ್ನೂ ಸಿಕ್ಕಿಲ್ಲ.

ಈ ಸಲ ಮಳೆಗಾಲಕ್ಕೆ ಡೈರಿ ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ. ದೊಡ್ಡ ಮಳೆ ಬಂದ ರಾತ್ರಿ ಯಾರ ಮನೆಯ ಫೋನ್ ಚಾರ್ಜ್ ಆಗಿರಬೇಕು, ಕಾಲುವೆಯ ಯಾವ ತಿರುವಿಗೆ ಯಾರು ಹೋಗಬೇಕು ಎಂಬುದರ ಪಾಳಿ. ಆ ಹತ್ತನೇ ತರಗತಿ ಹುಡುಗ ಈಗ ಡಿಪ್ಲೊಮಾ ಓದುತ್ತಾನೆ. ಮೊದಲ ಹೆಸರು ಅವನದೇ.